ಪೂರ್ವಕ್ಕೆ ಸರಿ, ಪಶ್ಚಿಮಕ್ಕೆ ತಪ್ಪು: ಗೋ-ಟು ಮೌಂಟ್ ಮೂರು ವರ್ಷ ಬಳಸಿದ ಮೇಲೆ

ಕತ್ತಲಾದ ಮೇಲೆ ಎರಡು ನಕ್ಷತ್ರ ತೋರಿಸಿಕೊಟ್ಟರೆ ಸಾಕು, ಟೆಲಿಸ್ಕೋಪನ್ನು ತಾನೇ ಗುರಿಯತ್ತ ತಿರುಗಿಸುವ ನನ್ನ ಗೋ-ಟು ಮೌಂಟ್ ಪೂರ್ವದಲ್ಲಿ ಏನು ಕೇಳಿದರೂ ಐಪೀಸ್‌ನ (ಕಣ್ಣಿಡುವ ಮಸೂರದ) ನಡುವೆ ತಂದು ನಿಲ್ಲಿಸುತ್ತದೆ. ಅದೇ ಟ್ಯೂಬು ನಡುನೆತ್ತಿ ದಾಟಿ ಪಶ್ಚಿಮಕ್ಕೆ ಮಗುಚಿಕೊಂಡಿತೋ, ಬರೀ ಖಾಲಿ ಆಕಾಶ. ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್ ಮಾತ್ರ ಅಲೈನ್‌ಮೆಂಟ್ (ನಕ್ಷತ್ರ ತೋರಿಸಿ ದಿಕ್ಕು ಹೊಂದಿಸುವುದು) ಆಗಿದೆ ಅಂತಲೇ ತೋರಿಸುತ್ತಿರುತ್ತದೆ. ಚಿಕ್ಕಬಳ್ಳಾಪುರದ ತಾರಸಿಯ ಮೇಲೆ 150 ಎಂಎಂ ಕನ್ನಡಿಯ, 750 ಎಂಎಂ ಫೋಕಸ್‌ನ ನ್ಯೂಟೋನಿಯನ್ ಟೆಲಿಸ್ಕೋಪ್ ಹೊತ್ತು ಮೂರು ವರ್ಷ ದುಡಿದ ಈ ಮಧ್ಯಮ ಬೆಲೆಯ ಈಕ್ವಟೋರಿಯಲ್ (ಒಂದು ಅಕ್ಷ ಧ್ರುವದತ್ತ ಇರುವ) ಮೌಂಟ್ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಮೋಟರು, ಸಾಫ್ಟ್‌ವೇರ್ ಎರಡೂ ಸರಿಯಾಗಿಯೇ ಇದ್ದವು. ಟ್ಯೂಬು ಡೆಕ್ಲಿನೇಷನ್ ಅಕ್ಷಕ್ಕೆ (ಟ್ಯೂಬನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸುವ ಅಕ್ಷ) ಸರಿಯಾಗಿ ಲಂಬವಾಗಿ ಕೂತಿರಲಿಲ್ಲ. ಇದಕ್ಕೆ ಕೋನ್ ಎರರ್ ಅನ್ನುತ್ತಾರೆ. ಒಂದೇ ಬದಿಯ ನಕ್ಷತ್ರಗಳನ್ನು ತೋರಿಸಿದರೆ ಈ ಓರೆ ಲೆಕ್ಕದೊಳಗೆ ಅಡಗಿಬಿಡುತ್ತದೆ. ಟ್ಯೂಬು ಮಗುಚಿದಾಗ ಓರೆ ಎದುರು ದಿಕ್ಕಿಗೆ ತಿರುಗುವುದರಿಂದ ತಪ್ಪು ಇಮ್ಮಡಿಯಾಗುತ್ತದೆ.

ಪರೀಕ್ಷೆಗೆ ಹಗಲೇ ಒಳ್ಳೆಯದು. ಮೊದಲು ಕನ್ನಡಿಗಳ ಕಾಲಿಮೇಷನ್ (ಒಂದೇ ಸಾಲಿಗೆ ಹೊಂದಿಸುವುದು) ಮುಗಿಸಿಕೊಳ್ಳಿ. ಆಮೇಲೆ ಮಾಡಿದರೆ ಟ್ಯೂಬಿನ ನೋಟವೇ ಸರಿದು ಇಷ್ಟೂ ಕೆಲಸ ವ್ಯರ್ಥ. ಒಂದು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರಿನ ತುದಿ ಗುರಿಯಾಗಲಿ. ಟ್ಯೂಬಿನ ಭಾರಕ್ಕೆ ಎದುರುತೂಕ ಹೊತ್ತ ಕೌಂಟರ್‌ವೇಟ್ ಸರಳಿನ ಮೇಲೆ ಗಾರೆಯವರ ರಸಮಟ್ಟ ಇಟ್ಟು ಅದನ್ನು ಸಮವಾಗಿ ಮಲಗಿಸಿ, ಮೌಂಟಿನ ಬುಡವನ್ನು ಎಡಬಲ ಸರಿಸಿ ಟವರನ್ನು ನಡುವಿಗೆ ತನ್ನಿ. ಈಗ ಆರ್‌ಎ ಅಕ್ಷವನ್ನು (ಧ್ರುವದತ್ತ ಇರುವ, ಪೂರ್ವ-ಪಶ್ಚಿಮಕ್ಕೆ ತಿರುಗಿಸುವ ಅಕ್ಷ) ಅರ್ಧ ಸುತ್ತು ತಿರುಗಿಸಿ, ರಸಮಟ್ಟದಿಂದ ಮತ್ತೆ ಸಮ ಮಾಡಿ, ಡೆಕ್ಲಿನೇಷನ್ ಮಾತ್ರ ತಿರುಗಿಸಿ ಟವರಿಗೆ ವಾಪಸ್ ಬನ್ನಿ. ನನ್ನದರಲ್ಲಿ ನಡುವಿದ್ದ ಟವರು 25 ಎಂಎಂ ಐಪೀಸ್‌ನ ಅಂಚಿಗೆ ಹೋಗಿ ನಿಂತಿತ್ತು. ಆ ಐಪೀಸ್‌ನಲ್ಲಿ ಕಾಣುವ ಅಗಲ ಸುಮಾರು 100 ಆರ್ಕ್‌ಮಿನಿಟ್ (60 ಸೇರಿದರೆ ಒಂದು ಡಿಗ್ರಿ). ಅಂದರೆ ವ್ಯತ್ಯಾಸ 50, ಅದರರ್ಧ 25 ಆರ್ಕ್‌ಮಿನಿಟ್ ನಿಜವಾದ ಓರೆ.

ಟ್ಯೂಬನ್ನು ಹಿಡಿದಿರುವ ಎರಡು ರಿಂಗುಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ ಈ ಓರೆ ತೆಗೆಯಲು ಒಂದು ರಿಂಗನ್ನು ಒಂದೂವರೆ ಮಿಲಿಮೀಟರ್ ಎತ್ತಬೇಕು. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಅವಧಿ ಮುಗಿದ ಎರಡು ಕಾರ್ಡು ಕತ್ತರಿಸಿ, ಬೋಲ್ಟಿಗೆ ತೂತು ಮಾಡಿ, ರಿಂಗಿಗೂ ಅದನ್ನು ಮೌಂಟಿಗೆ ಕೂರಿಸುವ ಡವ್‌ಟೇಲ್ ಪಟ್ಟಿಗೂ ನಡುವೆ ಇಟ್ಟರೆ ಮುಗಿಯಿತು. ಯಾವ ರಿಂಗಿಗೆ ಅಂತ ತಲೆಕೆಡಿಸಿಕೊಳ್ಳಬೇಡಿ. ವ್ಯತ್ಯಾಸ ಹೆಚ್ಚಾದರೆ ಇನ್ನೊಂದಕ್ಕೆ ಹಾಕಿ. ಟ್ಯೂಬು ರಿಂಗಿನೊಳಗೆ ತಿರುಗಿದರೆ ಸರಿಮಾಡಿದ್ದು ಮತ್ತೆ ಕೆಡಬಹುದು, ಹಾಗಾಗಿ ಟೇಪಿನಿಂದ ಗುರುತು ಹಾಕಿಡುವುದು ಮುಖ್ಯ.

ಈ ಕೆಲಸವಾದ ಮೇಲೆ ಮೌಂಟಿನ ಮೇಲಿನ ಅಭಿಪ್ರಾಯವೇ ಬದಲಾಯಿತು. ಆದರೆ ದಿನದ ಶಿಸ್ತು ಬಿಡುವಂತಿಲ್ಲ. ಹ್ಯಾಂಡ್‌ಸೆಟ್ ತಿಂಗಳನ್ನು ಮೊದಲು ಕೇಳುತ್ತದೆ, ದಿನಾಂಕವನ್ನು ಆಮೇಲೆ. ಟೈಮ್ ಝೋನ್ 5:30 ಅಂತಲೇ ಇರಬೇಕು. ಬರೀ 5 ಕೊಟ್ಟರೆ ಅರ್ಧ ಗಂಟೆಗೆ ಏಳೂವರೆ ಡಿಗ್ರಿ ತಪ್ಪಿ ಮೊದಲ ನಕ್ಷತ್ರವೇ ಕಾಣಿಸುವುದಿಲ್ಲ. ಮೂರು ನಕ್ಷತ್ರದ ಅಲೈನ್‌ಮೆಂಟಿಗೆ ಎರಡು ಒಂದು ಬದಿಯವು, ಮೂರನೆಯದು ಎದುರು ಬದಿಯದು. ಫೆಬ್ರವರಿ ನಡುವೆ ರಾತ್ರಿ ಒಂಬತ್ತಕ್ಕೆ ಪೂರ್ವದಲ್ಲಿ ಮಖೆ, ಪುನರ್ವಸು, ಪಶ್ಚಿಮದಲ್ಲಿ ರೋಹಿಣಿ ಸಿಗುತ್ತವೆ. ಹ್ಯಾಂಡ್‌ಸೆಟ್ಟಿನಲ್ಲಿ ಅವು ರೆಗುಲಸ್, ಪೊಲಕ್ಸ್, ಆಲ್ಡೆಬರನ್. ಮಳೆ ನಕ್ಷತ್ರಗಳ ಹೆಸರು ಕೇಳಿ ಬೆಳೆದವರಿಗೆ ಈ ಪಟ್ಟಿ ಬೇಗ ಬಾಯಿಗೆ ಬರುತ್ತದೆ.

ನಕ್ಷತ್ರವನ್ನು ನಡುವಿಗೆ ತರುವುದು ನನಗೆ ಇಡೀ ರಾತ್ರಿಯಲ್ಲಿ ಅತಿ ಇಷ್ಟದ ಗಳಿಗೆ. 10 ಎಂಎಂ ಹಾಕಿ, ಫೋಕಸ್ ನಿಧಾನವಾಗಿ ಬಿಡಿಸಬೇಕು. ಚುಕ್ಕಿ ಉಬ್ಬಿ, ಎರಡನೇ ಕನ್ನಡಿಯ ಕಪ್ಪು ನೆರಳು ನಡುವಿರುವ ಬೆಳಕಿನ ಬಿಲ್ಲೆಯಾಗುತ್ತದೆ. ಬಿಲ್ಲೆಗೂ ಐಪೀಸ್‌ನಲ್ಲಿ ಕಾಣುವ ವೃತ್ತದ ಅಂಚಿಗೂ ನಡುವಿನ ಕತ್ತಲೆ ಸುತ್ತಲೂ ಸಮವಾಗಿದ್ದರೆ ನಕ್ಷತ್ರ ನಡುವಿದೆ. ನಡುವೆ ಅಡ್ಡಗೆರೆ ಇರುವ ದುಬಾರಿ ರೆಟಿಕಲ್ ಐಪೀಸ್ ಕೊಳ್ಳಬೇಕಿಲ್ಲ. ಕೊನೆಯ ಒತ್ತು ಮಾತ್ರ ಯಾವಾಗಲೂ ಮೇಲಿನ ಬಾಣ ಮತ್ತು ಬಲಬಾಣದಿಂದಲೇ ಆಗಲಿ. ಅತ್ತಿತ್ತ ಒತ್ತಿದರೆ ಅಕ್ಷ ತಿರುಗಿಸುವ ವರ್ಮ್ (ಸ್ಕ್ರೂ ಆಕಾರದ) ಗೇರಿನ ಹಲ್ಲಿನ ಸಡಿಲ ಅಲೈನ್‌ಮೆಂಟಿನೊಳಗೇ ಸೇರಿಕೊಳ್ಳುತ್ತದೆ.

ಆ ಸಡಿಲವನ್ನೂ ಕಡಿಮೆ ಮಾಡಬಹುದು. ವರ್ಮ್ ಕೂತ ಬ್ಲಾಕಿನ ಹಿಡಿತದ ಸ್ಕ್ರೂ ಕೊಂಚ ಸಡಿಲಿಸಿ, ಎದುರುಬದಿರಿನ ಎರಡು ಗ್ರಬ್ (ತಲೆಯಿಲ್ಲದ) ಸ್ಕ್ರೂಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಒತ್ತಬೇಕು, ಒಂದು ಸಲಕ್ಕೆ ಸುತ್ತಿನ ವೀಸ ಪಾಲು (ಹದಿನಾರರಲ್ಲೊಂದು) ಮಾತ್ರ. ಗೇರು ಪೂರ್ತಿ ದುಂಡಗಿರುವುದಿಲ್ಲ, ಆದ್ದರಿಂದ ಅಕ್ಷವನ್ನು ಸುತ್ತಿಸಿ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿಗೆ ಹೊಂದಿಸಿ. ಬಿಗಿ ಹೆಚ್ಚಾದರೆ ಮೋಟರು ಗರಗರ ಅಂದು ಸ್ಟೆಪ್ಪು (ಎಣಿಸಿ ಇಡುವ ಹೆಜ್ಜೆ) ತಪ್ಪಿಸುತ್ತದೆ. ತಪ್ಪಿದ್ದು ಹ್ಯಾಂಡ್‌ಸೆಟ್ಟಿಗೆ ತಿಳಿಯುವುದೇ ಇಲ್ಲ. ಬ್ಯಾಟರಿ ಇಳಿದಾಗಲೂ ಇದೇ ಗತಿ. ಹಾಗೆಯೇ ಪವರ್ ಪಿನ್ನು ಸಡಿಲ. ಟ್ಯೂಬು ತಿರುಗುವಾಗ ವೈರು ಎಳೆದರೆ ಮೌಂಟ್ ಆಫ್ ಆಗಿ ಎಲ್ಲವೂ ಮೊದಲಿಂದ. ವೈರನ್ನು ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಸಡಿಲವಾಗಿ ಕಟ್ಟಿ.

ಇಳಿಯದ ಬೇಸರ ಒಂದಿದೆ. ನಮ್ಮಲ್ಲಿ ಧ್ರುವ ನಕ್ಷತ್ರ 13 ಡಿಗ್ರಿ ಎತ್ತರದಲ್ಲಿ, ದೂಳಿನ ಮಬ್ಬಿನೊಳಗೆ. ಮೌಂಟನ್ನು ಅಷ್ಟು ಬಗ್ಗಿಸಿದಾಗ ಭಾರವೆಲ್ಲ ಎತ್ತರ ಹೊಂದಿಸುವ ಬೋಲ್ಟಿನ ಮೇಲೆ ಬಿದ್ದು, ಕಂಪನಿಯ ಮೆತ್ತನೆ ಬೋಲ್ಟು ಮೊದಲ ವರ್ಷವೇ ಬಾಗಿತು. ಹಾರ್ಡ್‌ವೇರ್ ಅಂಗಡಿಗೆ ಹಳೆಯದನ್ನು ಒಯ್ದು, ಅದೇ ಥ್ರೆಡ್ಡಿನ ಗಟ್ಟಿ ಸ್ಟೀಲಿನದು ತಂದು ಹಾಕಿದ ಮೇಲೆ ನಿಂತಿದೆ. ಜೊತೆಗೆ ನೇತಾಡುವ ಕೌಂಟರ್‌ವೇಟು ಉತ್ತರದ ಕಾಲಿಗೆ ಬಡಿಯುತ್ತದೆ, ಮೋಟರು ಅಲ್ಲೇ ಸ್ಟೆಪ್ಪು ಕಳೆದುಕೊಳ್ಳುತ್ತದೆ. ಸ್ಟ್ಯಾಂಡಿನ ಮೇಲೆ ಮೌಂಟಿನ ದಿಕ್ಕು ಹಿಡಿಯುವ ಪೆಗ್ ಎದುರಿನ ತೂತಿಗೆ ಹಾಕುವಂತಿದ್ದರೆ ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ನಿಲ್ಲಿಸಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ 13 ಡಿಗ್ರಿಗೆ ಬಗ್ಗಿಸಿ ತೋರಿಸಲು ಹೇಳಿ.

ಬರೀ ಚಂದ್ರ, ಗುರು, ಶನಿ ನೋಡುವವರಿಗೆ ಈ ದುಡ್ಡು ದಂಡ, ಕೈಯಿಂದ ತಿರುಗಿಸುವ ಸರಳ ಡಾಬ್ಸೋನಿಯನ್ ಟೆಲಿಸ್ಕೋಪ್ ಸಾಕು. ದಕ್ಷಿಣಕ್ಕೆ ಬೆಂಗಳೂರಿನ ಬೆಳಕು ತುಂಬಿಕೊಂಡಿರುವ ನಮ್ಮಂಥವರ ಮಾತು ಬೇರೆ. ಮೇ ತಿಂಗಳ ನಡುವೆ ರಾತ್ರಿ ಹತ್ತರ ಹೊತ್ತಿಗೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಅದೇ ಬೆಳಕಿನೊಳಗೆ 29 ಡಿಗ್ರಿ ಎತ್ತರದಲ್ಲಿರುತ್ತದೆ. ಅಲ್ಲಿ ದಾರಿ ಹಿಡಿಯಲು ಬರಿಗಣ್ಣಿಗೆ ನಕ್ಷತ್ರಗಳೇ ಸಾಲುವುದಿಲ್ಲ. ಹೆಸರು ಒತ್ತಿ ಕಣ್ಣಿಟ್ಟರೆ, ಈಗ, ರಾಗಿ ಕಾಳು ಚೆಲ್ಲಿದಂತೆ ನಡುವಿನಲ್ಲೇ ಇರುತ್ತದೆ.