ಯೂಬ್ಲಾಕ್ ಆರಿಜಿನ್: ಕನ್ನಡ ತಾಣ ಓದುವವರು ಹಾಕಬೇಕಾದ ಒಂದು ಟಿಕ್

ಜಾಹೀರಾತು ತಡೆಯಲು ಫೈರ್‌ಫಾಕ್ಸ್‌ನಲ್ಲಿ ಯೂಬ್ಲಾಕ್ ಆರಿಜಿನ್‌ಗಿಂತ ಒಳ್ಳೆಯ ಎಕ್ಸ್‌ಟೆನ್ಷನ್ ಇಲ್ಲ. ರೇಮಂಡ್ ಹಿಲ್ 2014ರಲ್ಲಿ ಆರಂಭಿಸಿದ್ದು, ಪೂರ್ತಿ ಉಚಿತ. ದುಡ್ಡು ಕೊಟ್ಟವರ ಜಾಹೀರಾತನ್ನು ಒಳಗೆ ಬಿಡುವ ವ್ಯವಹಾರ ಇದರಲ್ಲಿಲ್ಲ. ಹೆಸರಿನಲ್ಲಿ ‘ಆರಿಜಿನ್’ ಇದೆಯೇ ಎಂದು ನೋಡಿಕೊಂಡೇ ಹಾಕಿ. ಬರೀ ‘ಯೂಬ್ಲಾಕ್’ ಬೇರೆಯವರದು.

ಇಂಗ್ಲಿಷ್ ತಾಣಗಳಿಗೆ ಹಾಕಿದಂತೆಯೇ ಬಿಟ್ಟರೂ ಸಾಕು. ಕನ್ನಡ ಸುದ್ದಿ ತಾಣಗಳಿಗೆ ಸಾಲದು. ಅನುಸ್ಥಾಪಿಸುವಾಗ ಇದು ಬ್ರೌಸರಿನ ಭಾಷೆ ನೋಡಿ ಪ್ರಾದೇಶಿಕ ಪಟ್ಟಿ (ಏನೇನು ತಡೆಯಬೇಕೆಂಬ ನಿಯಮಗಳ ಪಟ್ಟಿ) ಆರಿಸಿಕೊಳ್ಳುತ್ತದೆ. ನಮ್ಮಲ್ಲಿ ಬಹಳ ಜನರ ಬ್ರೌಸರ್ ಇಂಗ್ಲಿಷಿನಲ್ಲೇ ಇರುವುದರಿಂದ ಭಾರತದ ಪಟ್ಟಿ ಸೇರುವುದೇ ಇಲ್ಲ. ಗುರಾಣಿ ಐಕಾನ್ ಒತ್ತಿ, ಗಿಯರ್ ಚಿಹ್ನೆಯಿಂದ ಡ್ಯಾಶ್‌ಬೋರ್ಡ್‌ಗೆ ಹೋಗಿ, ‘ಫಿಲ್ಟರ್ ಲಿಸ್ಟ್ಸ್’ ತೆರೆಯಿರಿ. ಕೆಳಗೆ ಪ್ರದೇಶ ಮತ್ತು ಭಾಷೆಗಳ ವಿಭಾಗದಲ್ಲಿ ‘ಇಂಡಿಯನ್‌ಲಿಸ್ಟ್’ಗೆ ಟಿಕ್ ಹಾಕಿ, ಮೇಲಿನ ‘ಅಪ್ಲೈ ಚೇಂಜಸ್’ ಒತ್ತಿ. ಒತ್ತದಿದ್ದರೆ ಟಿಕ್ ಹಾಕಿದ್ದೂ ವ್ಯರ್ಥ. ಕನ್ನಡ, ತೆಲುಗು, ತಮಿಳು, ಮರಾಠಿ ತಾಣಗಳಿಗೆಂದೇ ಬರೆದ ನಿಯಮಗಳು ಈ ಪಟ್ಟಿಯಲ್ಲಿವೆ.

ಕುಕಿ ಒಪ್ಪಿಗೆಯ ಪೆಟ್ಟಿಗೆಗಳು ಕಾಡಿದರೆ ಅದೇ ಪುಟದ ‘ಕುಕಿ ನೋಟಿಸಸ್’ ಪಟ್ಟಿ ಸೇರಿಸಿ. ಸಿಕ್ಕಿದ ಪಟ್ಟಿಗೆಲ್ಲ ಟಿಕ್ ಹಾಕಬೇಡಿ: ಪುಟಗಳು ಕೆಡುವುದು ಹೆಚ್ಚುತ್ತದೆ, ಯಾವ ನಿಯಮದಿಂದ ಕೆಟ್ಟಿತೆಂದು ಹುಡುಕುವುದೂ ಕಷ್ಟ. ಎರಡು ಆಡ್‌ಬ್ಲಾಕರ್ ಒಟ್ಟಿಗೆ ಇಟ್ಟರೂ ಇದೇ ಪಾಡು.

ಪುಟದಲ್ಲಿ ಬಟನ್ ಕಾಣದಿದ್ದರೆ ಮೊದಲು ಗುರಾಣಿ ಐಕಾನ್ ಒತ್ತಿದಾಗ ಕಾಣುವ ಕಣ್ಣಿನ ಚಿಹ್ನೆ ಒತ್ತಿ ರೀಲೋಡ್ ಮಾಡಿ. ಪುಟದ ಭಾಗಗಳನ್ನು ಮರೆಮಾಡುವ ನಿಯಮಗಳಷ್ಟೇ ನಿಲ್ಲುತ್ತವೆ. ಆಗಲೂ ಸರಿಹೋಗದಿದ್ದರೆ ದೊಡ್ಡ ಪವರ್ ಬಟನ್ ಒತ್ತಿ. ಅದು ಇಡೀ ತಾಣಕ್ಕೆ ತಡೆ ನಿಲ್ಲಿಸುತ್ತದೆ. ಕಂಟ್ರೋಲ್ ಕೀ ಹಿಡಿದು ಒತ್ತಿದರೆ ಆ ಪುಟಕ್ಕೆ ಮಾತ್ರ. ಬ್ಯಾಂಕಿನ ಪಾವತಿ ಪುಟ ಅರ್ಧಕ್ಕೆ ನಿಂತಾಗಲೂ ಹೀಗೇ ಮಾಡಿ.

ಪಟ್ಟಿಗೆ ಸಿಗದ ಜಾಹೀರಾತಿಗೆ ಎಲಿಮೆಂಟ್ ಪಿಕರ್ ಇದೆ: ಪುಟದ ಭಾಗವನ್ನು ನೀವೇ ಆರಿಸಿ ಮರೆಮಾಡುವ ಸಾಧನ. ಆಯ್ಕೆ ಅಗಲವಾದರೆ ಲೇಖನವೇ ಮಾಯವಾಗುತ್ತದೆ. ‘ಮೈ ಫಿಲ್ಟರ್ಸ್’ನಲ್ಲಿ ಆ ಸಾಲು ಅಳಿಸಿ ಅಪ್ಲೈ ಮಾಡಿದರೆ ಮರಳಿ ಬರುತ್ತದೆ. ಮಿಂಚಿನ ಚಿಹ್ನೆಯ ಝ್ಯಾಪರ್ ತೆಗೆದದ್ದು ರೀಲೋಡ್ ಮಾಡುವವರೆಗೆ ಮಾತ್ರ. ಪ್ರೈವೇಟ್ ವಿಂಡೋದಲ್ಲಿ ಕೆಲಸ ಮಾಡಬೇಕಾದರೆ ಆಡ್‌ಆನ್ ಪುಟದಲ್ಲಿ ಬೇರೆಯೇ ಅನುಮತಿ ಕೊಡಬೇಕು.

ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲೂ ಇದು ನಡೆಯುತ್ತದೆ, ಫೋನಿನಲ್ಲೇ ಸುದ್ದಿ ಓದುವವರಿಗೆ ದೊಡ್ಡ ಉಪಕಾರ. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ಗಳ ಹೊಸ ನಿಯಮಾವಳಿಯಾದ ಮ್ಯಾನಿಫೆಸ್ಟ್ ವಿ3 ಬಂದ ಮೇಲೆ ಪೂರ್ಣ ಆವೃತ್ತಿಗೆ ಜಾಗವಿಲ್ಲ, ‘ಲೈಟ್’ ಸಿಗುತ್ತದೆ. ಲೈಟ್ ಹಗುರವೇನೋ ಹೌದು, ಆದರೆ ಅದರ ಪಟ್ಟಿಗಳು ಎಕ್ಸ್‌ಟೆನ್ಷನ್ ಅಪ್‌ಡೇಟ್ ಆದಾಗ ಮಾತ್ರ ಹೊಸದಾಗುತ್ತವೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಫೈರ್‌ಫಾಕ್ಸ್‌ನಲ್ಲೇ ಬಳಸಿ.