ಐದು ಮಳೆಗಾಲ ಕಂಡ ಗೇಮಿಂಗ್ ಕೀಬೋರ್ಡ್ ಮತ್ತು ಮೌಸ್

2020ರ ನವೆಂಬರ್‌ನಲ್ಲಿ 8,600 ರೂಪಾಯಿ ಕೊಟ್ಟು ಒಂದು ಮೆಕ್ಯಾನಿಕಲ್ ಕೀಬೋರ್ಡನ್ನೂ 5,400 ರೂಪಾಯಿ ಕೊಟ್ಟು ಒಂದು ಗೇಮಿಂಗ್ ಮೌಸನ್ನೂ ಕೊಂಡೆ. ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಹಗಲು ಹೊತ್ತಿನಲ್ಲಿ ಪತ್ರ ಬರಹಗಾರರಿಗೂ ವಕೀಲರಿಗೂ ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್‌ಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುತ್ತೇನೆ, ರಾತ್ರಿ ಶಟರ್ ಎಳೆದ ಮೇಲೆ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನ ಜೊತೆ ಕೌಂಟರ್ ಸ್ಟ್ರೈಕ್ ಅಥವಾ ವ್ಯಾಲರಂಟ್ ಎಂಬ ಗುಂಡು ಹಾರಿಸುವ ಆನ್‌ಲೈನ್ ಆಟ ಆಡುತ್ತೇನೆ. ಕೊಳ್ಳುವಾಗ ಮನಸ್ಸಿನಲ್ಲಿದ್ದದ್ದು ಆಟವೇ. ಮನೆಯಲ್ಲಿ ಮಾತ್ರ ಅಂಗಡಿಯ ಕೆಲಸಕ್ಕೆಂದು ಹೇಳಿದ್ದೆ, ಮತ್ತು ಐದು ವರ್ಷ ಬಳಸಿದ ಮೇಲೆ ನೋಡಿದರೆ ಆ ಸುಳ್ಳೇ ನಿಜವಾಗಿದೆ. ಎರಡೂ ಒಂದೇ ಹೆಸರಾಂತ ಕಂಪನಿಯ ವಸ್ತುಗಳು. ಕೆಳಗೆ ಬರೆದಿರುವ ತೊಂದರೆಗಳು ಆ ಒಂದು ಕಂಪನಿಗೇ ಸೀಮಿತವಾದವುಗಳಲ್ಲವಾದ್ದರಿಂದ ಹೆಸರು ಹೇಳುವುದಿಲ್ಲ.

ಮೊದಲು ಕೀಬೋರ್ಡಿನ ವಿಚಾರ. ಅಂಗಡಿಯಲ್ಲಿ ಅದಕ್ಕೂ ಮುಂಚೆ ಇದ್ದದ್ದು ಆರುನೂರು ರೂಪಾಯಿಯ ಸಾಮಾನ್ಯ ಮೆಂಬ್ರೇನ್ ಕೀಬೋರ್ಡ್. ಅದರೊಳಗೆ ಎಲ್ಲ ಕೀಗಳಿಗೂ ಸೇರಿ ಒಂದೇ ರಬ್ಬರ್ ಹಾಳೆಯಿರುತ್ತದೆ. ಕೀಯನ್ನು ತಳ ಮುಟ್ಟುವವರೆಗೆ ಒತ್ತಿದರೆ ಮಾತ್ರ ಅಕ್ಷರ ಮೂಡುತ್ತದೆ, ವರ್ಷ ಕಳೆದಂತೆ ರಬ್ಬರ್ ಬಿರುಸಾಗಿ ಒತ್ತಡ ಹೆಚ್ಚುತ್ತಾ ಹೋಗುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಪ್ರತ್ಯೇಕ ಸ್ವಿಚ್ಚೂ ಸ್ಪ್ರಿಂಗೂ ಇದ್ದು, ಒಟ್ಟು ಸುಮಾರು 4 ಮಿ.ಮೀ. ಚಲನೆಯಲ್ಲಿ ಅರ್ಧ ದಾರಿ ಸಾಗುವಷ್ಟರಲ್ಲೇ ಅಕ್ಷರ ಮೂಡಿಬಿಡುತ್ತದೆ. ನುಡಿಯಲ್ಲಿ ಟೈಪ್ ಮಾಡುವವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ರೂಪಿಸಿದ ಕೀ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀ ಬೇಕು, ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಬೇಕು. 'ಸ್ವಯಾರ್ಜಿತ', 'ಹಕ್ಕುಬಾಧ್ಯತೆ', 'ಚಕ್ಕುಬಂದಿ' ಎಂಬಂಥ ಪದಗಳೇ ತುಂಬಿರುವ ಹತ್ತು ಪುಟದ ಕ್ರಯಪತ್ರವನ್ನು ಮುಗಿಸುವಷ್ಟರಲ್ಲಿ ಎಡಗೈಯ ತೋರುಬೆರಳೂ ಕಿರುಬೆರಳೂ ಎಷ್ಟು ದುಡಿದಿರುತ್ತವೆ ಎಂಬುದು ಈ ಕೆಲಸ ಮಾಡುವವರಿಗೆ ಗೊತ್ತು. ಹಳೆಯ ಕೀಬೋರ್ಡಿನಲ್ಲಿ ಸಂಜೆಯ ಹೊತ್ತಿಗೆ ಬರುತ್ತಿದ್ದ ಮಣಿಕಟ್ಟಿನ ನೋವು ಹೊಸದಕ್ಕೆ ಬದಲಾದ ಎರಡನೆಯ ತಿಂಗಳಲ್ಲಿ ಬಹುಮಟ್ಟಿಗೆ ನಿಂತಿತು.

ಸದ್ದಿನ ವಿಷಯ ಬೇರೆ. ನಾನು ಆಯ್ದದ್ದು ಒತ್ತಿದಾಗಲೆಲ್ಲ ಟಕ್ ಎನ್ನುವ ನೀಲಿ ಸ್ವಿಚ್ಚು. ಮೊದಲ ವಾರದಲ್ಲೇ ಹಿರಿಯ ವಕೀಲರೊಬ್ಬರು, "ಮತ್ತೆ ಟೈಪ್‌ರೈಟರ್ ತಂದ್ರೇನ್ರೀ?" ಎಂದು ಕೇಳಿದರು. ಅಂಗಡಿಯಲ್ಲಿ ಇದು ಒಗ್ಗಿತು, ಆದರೆ ರಾತ್ರಿ ಮನೆಗೆ ಕೊಂಡೊಯ್ದು ಆಡುವ ಯೋಚನೆ ಮೂರೇ ದಿನಕ್ಕೆ ಕೊನೆಗೊಂಡಿತು. ಮನೆಯಲ್ಲಿ ಬಳಸುವವರು ಟಕ್ ಎನ್ನದ ಕೆಂಪು ಅಥವಾ ಮೆಲುದನಿಯ ಕಂದು ಸ್ವಿಚ್ಚನ್ನು ಆರಿಸಿಕೊಳ್ಳುವುದು ಕ್ಷೇಮ.

ಪೆಟ್ಟಿಗೆಯ ಮೇಲೆ ಪ್ರತಿ ಕೀಗೆ ಐದು ಕೋಟಿ ಒತ್ತುಗಳ ಬಾಳಿಕೆ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದರು. ಈ ಅಂಕಿಯನ್ನು ಒಮ್ಮೆ ಕೂತು ಲೆಕ್ಕ ಹಾಕಿದೆ. ದಿನಕ್ಕೆ ಇಪ್ಪತ್ತೈದು ಸಾವಿರ ಒತ್ತು, ವರ್ಷಕ್ಕೆ ಮುನ್ನೂರು ದಿನ ಎಂದು ಹಿಡಿದರೂ ಐದು ವರ್ಷಕ್ಕೆ ಎಲ್ಲ ಕೀಗಳೂ ಸೇರಿ 3.75 ಕೋಟಿ ಆಗುತ್ತದೆ. ಅದರಲ್ಲಿ ಎಫ್ ಕೀಯ ಪಾಲು ನೂರಕ್ಕೆ ಐದು ಎಂದಿಟ್ಟುಕೊಂಡರೆ ಸುಮಾರು ಹತ್ತೊಂಬತ್ತು ಲಕ್ಷ. ಈ ಲೆಕ್ಕದಲ್ಲಿ ಆ ಕೀ ಸವೆಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಹಾಗಿದ್ದರೂ ನನ್ನ ಕೀಬೋರ್ಡು ಕೆಟ್ಟದ್ದು ಎರಡನೆಯ ಮಳೆಗಾಲದಲ್ಲೇ, 2022ರ ಜುಲೈನಲ್ಲಿ, ಅದೂ ಎಫ್ ಅಲ್ಲ, ಡಿ ಕೀ. ಒಮ್ಮೆ ಒತ್ತಿದರೆ ಎರಡು ಸಲ ಬೀಳಲು ಶುರುವಾಯಿತು. ಪತ್ರಗಳಲ್ಲಿ ಸಾಲಿಗೊಮ್ಮೆ ಬರುವ 'ಸದರಿ' ಎಂಬ ಪದವೆಲ್ಲ 'ಸದದರಿ' ಆಗತೊಡಗಿತು. ನೋಂದಣಿಗೆ ಹೊರಟಿದ್ದ ಪತ್ರವೊಂದರಲ್ಲಿ ಇದು ಏಳು ಕಡೆ ಉಳಿದುಹೋಗಿ ಆ ಪುಟಗಳನ್ನು ಮತ್ತೆ ಪ್ರಿಂಟ್ ತೆಗೆಯಬೇಕಾಯಿತು.

ಕಾರಣ ಸವೆತವಲ್ಲ, ತೇವ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ರಿಮ್ಮೇ ಮೆತ್ತಗಾಗಿ ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ತೇವವೂ ಧೂಳೂ ಸ್ವಿಚ್ಚಿನೊಳಗಿನ ಲೋಹದ ಎಲೆಗಳ ನಡುವೆ ಸೇರಿದರೆ ಸಂಪರ್ಕ ಒಂದೇ ಸಲಕ್ಕೆ ನೆಟ್ಟಗೆ ಕೂಡದೆ ತಡವರಿಸುತ್ತದೆ, ಕಂಪ್ಯೂಟರ್ ಅದನ್ನು ಎರಡು ಒತ್ತೆಂದು ಎಣಿಸುತ್ತದೆ. ನನ್ನ ಕೀಬೋರ್ಡಿನಲ್ಲಿ ಸ್ವಿಚ್ಚುಗಳನ್ನು ಬೋರ್ಡಿಗೆ ಬೆಸುಗೆ ಹಾಕಲಾಗಿತ್ತು. ಟಿವಿ ರಿಪೇರಿ ಮಾಡುವ ಪರಿಚಯದವರೊಬ್ಬರು ಹಳೆಯದನ್ನು ಕಿತ್ತು, ನಾನು ತರಿಸಿಕೊಟ್ಟ ನಲವತ್ತು ರೂಪಾಯಿಯ ಸ್ವಿಚ್ಚನ್ನು ಕೂರಿಸಿಕೊಟ್ಟರು. ಮರುವರ್ಷ ಎನ್ ಕೀಗೂ ಅದೇ ಗತಿಯಾದಾಗ, ಬೆಸುಗೆಯಿಲ್ಲದೆ ಸ್ವಿಚ್ಚುಗಳನ್ನು ಚಿಮಟದಿಂದ ಎಳೆದು ಹೊಸದನ್ನು ಒತ್ತಿ ಕೂರಿಸಬಹುದಾದ ಹಾಟ್‌ಸ್ವಾಪ್ ಕೀಬೋರ್ಡೊಂದನ್ನು 3,400 ರೂಪಾಯಿಗೆ ತಂದೆ. ಅಷ್ಟೇನೂ ಹೆಸರಿಲ್ಲದ ಕಂಪನಿಯದು. ಅದರಲ್ಲಿ ಇದುವರೆಗೆ ಮೂರು ಸ್ವಿಚ್ಚು ಬದಲಿಸಿದ್ದೇನೆ, ಒಂದೊಂದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಮೆಕ್ಯಾನಿಕಲ್ ಸ್ವಿಚ್ಚು ಎಂದರೆ ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಒಂದೇ ಎನ್ನುವಂತಿದ್ದ ಕಾಲ ಹೋಯಿತು. ಕಳೆದ ದಶಕದಲ್ಲಿ ಅದರ ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಮುಂತಾದ ಚೀನೀ ತಯಾರಕರು ಅದೇ ಅಳತೆಯ ಸ್ವಿಚ್ಚುಗಳನ್ನು ಅಗ್ಗದಲ್ಲಿ ಕೊಡುತ್ತಿದ್ದಾರೆ. ಆದ್ದರಿಂದ ಇಂದು 8,600 ರೂಪಾಯಿ ಕೊಟ್ಟು ಬೆಸುಗೆಯ ಕೀಬೋರ್ಡನ್ನು ಕೊಳ್ಳುವುದಕ್ಕೆ ನನಗೆ ಒಂದು ಕಾರಣವೂ ಕಾಣುವುದಿಲ್ಲ, ಮಲೆನಾಡಿನಲ್ಲಂತೂ ಖಂಡಿತ ಇಲ್ಲ.

ಮೌಸ್ ನನಗೆ ಹೆಚ್ಚು ನಿರಾಸೆ ತಂದಿತು. 16,000 ಡಿಪಿಐ ಎಂಬುದು ಅದರ ದೊಡ್ಡ ಹೆಗ್ಗಳಿಕೆ. ಡಿಪಿಐ ಎಂದರೆ ಮೌಸ್ ಒಂದು ಅಂಗುಲ ಸರಿದಾಗ ಅದು ಕಂಪ್ಯೂಟರಿಗೆ ಕಳಿಸುವ ಎಣಿಕೆ. 1,920 ಚುಕ್ಕೆ ಅಗಲದ ಸಾಮಾನ್ಯ ಪರದೆಯಲ್ಲಿ 16,000ಕ್ಕೆ ಇಟ್ಟರೆ ಬಾಣದ ಗುರುತು ಈ ತುದಿಯಿಂದ ಆ ತುದಿಗೆ ಹೋಗಲು ಕೈ 3 ಮಿ.ಮೀ. ಸರಿದರೆ ಸಾಕು. ಅಕ್ಕಿಕಾಳಿನ ಉದ್ದವೂ ಇಲ್ಲದ ಆ ಚಲನೆಯಲ್ಲಿ ಗುರಿ ಇಡುವುದು ಯಾರಿಂದ ಸಾಧ್ಯ? ಐದು ವರ್ಷವೂ ನಾನು ಬಳಸಿದ್ದು 800. ಅದನ್ನು ಒಂದೂವರೆ ಸಾವಿರದ ಮೌಸ್ ಕೂಡ ಕೊಡುತ್ತದೆ. ಸೆಕೆಂಡಿಗೆ ಸಾವಿರ ಸಲ ವರದಿ ಮಾಡುತ್ತದೆ ಎಂಬ ಇನ್ನೊಂದು ಹೆಗ್ಗಳಿಕೆಯಲ್ಲಿ ಸತ್ಯವಿದೆ. ಸಾದಾ ಮೌಸ್ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ವರದಿ ಮಾಡಿದರೆ ಇದು 1 ಮಿಲಿಸೆಕೆಂಡಿಗೊಮ್ಮೆ ಮಾಡುತ್ತದೆ. ಆದರೆ ಆಗ ನನ್ನ ಮಾನಿಟರ್ ಸೆಕೆಂಡಿಗೆ 60 ಚಿತ್ರ ತೋರಿಸುವ 60 ಹರ್ಟ್ಸ್‌ನದು, ಹೊಸ ಚಿತ್ರ ಮೂಡಲು ಅದಕ್ಕೆ 16.7 ಮಿಲಿಸೆಕೆಂಡ್ ಬೇಕಿತ್ತು. ಮುಂಬೈ ಸರ್ವರಿಗೆ ಇಲ್ಲಿಂದ ನನಗೆ ಸಿಗುವ ಪಿಂಗ್, ಅಂದರೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ, ನಲವತ್ತು ಮಿಲಿಸೆಕೆಂಡಿನ ಆಸುಪಾಸು, ಮಳೆ ಗಾಳಿಯ ದಿನ ತೊಂಬತ್ತು ದಾಟಿದ್ದೂ ಇದೆ. ಇಷ್ಟು ದೊಡ್ಡ ತೂತುಗಳಿರುವ ಕೊಳವೆಯಲ್ಲಿ 7 ಮಿಲಿಸೆಕೆಂಡನ್ನು ಉಳಿಸಲು ನಾಲ್ಕು ಸಾವಿರ ಹೆಚ್ಚು ಕೊಟ್ಟಿದ್ದೆ. 2023ರಲ್ಲಿ 144 ಹರ್ಟ್ಸ್ ಮಾನಿಟರ್ ತಂದ ದಿನವೇ ಆಟ ಸುಧಾರಿಸಿದ್ದು ಕಣ್ಣಿಗೆ ಕಂಡಿತು. ಅಕ್ಕನ ಮಗನ ಒತ್ತಾಯಕ್ಕೆ ಎರಡು ವಾರ ದುಬಾರಿ ಮೌಸಿನಲ್ಲೂ ಎರಡು ವಾರ ಅಗ್ಗದ ಮೌಸಿನಲ್ಲೂ ಆಡಿ ನೋಡಿದರೆ ನನ್ನ ರ‍್ಯಾಂಕ್ ಎರಡು ಸಲವೂ ಇದ್ದಲ್ಲೇ ಇತ್ತು.

ಇಪ್ಪತ್ತನೆಯ ತಿಂಗಳಿಗೆ ಎಡಗುಂಡಿಯೂ ಒಂದಕ್ಕೆ ಎರಡು ಕ್ಲಿಕ್ ಮಾಡತೊಡಗಿತು. ಗೇಮಿಂಗ್ ಮೌಸ್ ಬಳಸುವವರಿಗೆ ಇದು ಹೊಸ ಕಾಯಿಲೆಯೇನಲ್ಲ. ವಾರಂಟಿ ಇತ್ತಾದರೂ ಸರ್ವಿಸ್ ಸೆಂಟರ್ ಇರುವುದು ಬೆಂಗಳೂರಿನಲ್ಲಿ. ಕೊರಿಯರ್ ಖರ್ಚು ನನ್ನದು, ಬದಲಿ ಮೌಸ್ ಕೈಸೇರಲು ಐದು ವಾರ. ಆ ಐದು ವಾರ ಅಂಗಡಿ ನಡೆಸಿದ್ದು ಮುನ್ನೂರೈವತ್ತು ರೂಪಾಯಿಯ ಮೌಸು. ಬದಲಿಯಾಗಿ ಬಂದದ್ದೂ ವಾರಂಟಿ ಮುಗಿದ ಮೇಲೆ ಅದೇ ಹಾದಿ ಹಿಡಿದಾಗ ನಾನೇ ಬಿಚ್ಚಲು ಕುಳಿತೆ. ತಿರುಪುಗಳು ಅಡಿಯ ನುಣುಪು ಪಟ್ಟಿಗಳ ಕೆಳಗೆ ಅಡಗಿರುತ್ತವೆ, ಪಟ್ಟಿ ಕಿತ್ತರೆ ಮತ್ತೆ ಅಂಟುವುದಿಲ್ಲ. ಹೀಗಾಗಿ ಅರವತ್ತು ರೂಪಾಯಿಯ ಸ್ವಿಚ್ಚಿಗೆ ಇನ್ನೂರೈವತ್ತು ರೂಪಾಯಿಯ ಪಟ್ಟಿಯೂ ಸೇರಿತು. ಪಕ್ಕದ ರಬ್ಬರ್ ಹಿಡಿಯಂತೂ ನಾಲ್ಕನೆಯ ಮಳೆಗಾಲದಲ್ಲಿ ಬೆಲ್ಲದ ಪಾಕದಂತೆ ಜಿಗುಟಾಗಿ ಬೆರಳಿಗೆ ಅಂಟತೊಡಗಿತು. ಅದನ್ನು ಕೆರೆದು ತೆಗೆದು ಬರಿಯ ಪ್ಲಾಸ್ಟಿಕ್ ಮೇಲೆ ಕೈಯಿಟ್ಟು ಬಳಸುತ್ತಿದ್ದೇನೆ.

ಬಣ್ಣದ ದೀಪಗಳನ್ನು ಮೊದಲ ತಿಂಗಳೇ ಆರಿಸಿದೆ. ಅವನ್ನು ನಿಯಂತ್ರಿಸುವ ತಂತ್ರಾಂಶಕ್ಕೆ ಖಾತೆ ತೆರೆದು ಲಾಗಿನ್ ಆಗಬೇಕೆಂಬ ನಿಯಮ ನನಗೆ ಇಂದಿಗೂ ಅರ್ಥವಾಗಿಲ್ಲ.

ಆಟಕ್ಕೆಂದೇ ದುಬಾರಿ ಕೀಬೋರ್ಡಿನಿಂದ ಸಿಕ್ಕ ನಿಜವಾದ ಲಾಭ ಒಂದಿದೆ. ಅಗ್ಗದ ಕೀಬೋರ್ಡುಗಳಲ್ಲಿ ಕೀಗಳ ತಂತಿಗಳು ಅಡ್ಡಸಾಲು ಉದ್ದಸಾಲುಗಳಲ್ಲಿ ಹೆಣೆದಿರುವುದರಿಂದ ಕೆಲವು ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಆ ಗೊಂದಲವನ್ನು ತಪ್ಪಿಸಲು ಕೀಬೋರ್ಡ್ ಮೂರನೆಯದನ್ನೇ ಕಡೆಗಣಿಸುತ್ತದೆ. ಓಡುತ್ತಾ ಹಾರುವಾಗ ಹಾರುವುದೇ ಆಗುತ್ತಿರಲಿಲ್ಲ. ಪ್ರತಿ ಕೀಗೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುವ ಕೀಬೋರ್ಡಿನಲ್ಲಿ ಈ ತೊಂದರೆಯಿಲ್ಲ. ಆದರೆ ಇದು 3,400 ರೂಪಾಯಿಯ ಕೀಬೋರ್ಡಿನಲ್ಲೂ ಇದೆ.

ಅಕ್ಕನ ಮಗ ಈಗ ಅಯಸ್ಕಾಂತದ ಸ್ವಿಚ್ಚುಗಳ ಕೀಬೋರ್ಡ್ ಬೇಕೆನ್ನುತ್ತಿದ್ದಾನೆ. ಇವುಗಳಲ್ಲಿ ಲೋಹದ ಸಂಪರ್ಕವೇ ಇಲ್ಲದಿರುವುದರಿಂದ ನಮ್ಮ ತೇವಕ್ಕೆ ಸರಿಹೊಂದಬಹುದೆಂಬ ಆಸೆ ನನಗೂ ಇದೆ. ಅವನ ಆಸೆ ಬೇರೆ. ಎಡಬಲದ ಕೀಗಳನ್ನು ಒಟ್ಟಿಗೆ ಒತ್ತಿದಾಗ ಕೊನೆಯದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ಸೌಲಭ್ಯ ಅವನಿಗೆ ಬೇಕಂತೆ. 2024ರ ಆಗಸ್ಟ್‌ನಲ್ಲಿ ಆಟದ ತಯಾರಕ ವಾಲ್ವ್ ಕಂಪನಿ ಕೌಂಟರ್ ಸ್ಟ್ರೈಕ್ 2ರ ತನ್ನ ಅಧಿಕೃತ ಸರ್ವರುಗಳಲ್ಲಿ ಇಂಥ ಸೌಲಭ್ಯಗಳ ಬಳಕೆಗೆ ತಡೆ ಹಾಕಿತು, ಬಳಸಿದವರನ್ನು ಪಂದ್ಯದಿಂದ ಹೊರಹಾಕುತ್ತದೆ. ಅದಕ್ಕೆ, "ಆಫ್ ಮಾಡ್ಕೊಂಡು ಆಡ್ತೀನಿ ಮಾವ" ಎನ್ನುತ್ತಾನೆ. ಆಫ್ ಮಾಡಿಕೊಂಡು ಆಡುವುದಕ್ಕೆ ಹತ್ತು ಸಾವಿರ ಏಕೆ ಎಂದು ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಹಳೆಯ ನೀಲಿ ಸ್ವಿಚ್ಚಿನ ಕೀಬೋರ್ಡು ಈಗಲೂ ಅಂಗಡಿಯ ಎರಡನೆಯ ಮೇಜಿನ ಮೇಲಿದೆ. ಮೌಸಿಗೆ ಮಾತ್ರ ಮುಂದಿನ ಜೂನ್‌ಗೆಂದು ಎರಡು ಸ್ವಿಚ್ಚನ್ನೂ ಒಂದು ಜೊತೆ ಪಟ್ಟಿಯನ್ನೂ ಈಗಲೇ ತರಿಸಿ, ಡ್ರಾಯರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಟ್ಟಿದ್ದೇನೆ.