ಐದನೆಯ ಆವರ್ತನದಲ್ಲಿ ಏನಾಗುತ್ತದೆ: ಬ್ಲೂಸ್ ಬೆರೆತ ಐದು ರಚನೆಗಳ ಹೋಲಿಕೆ

ಅಮೆರಿಕದ ಕಪ್ಪುಜನರ ನಡುವೆ ಹುಟ್ಟಿದ ಬ್ಲೂಸ್ ಸಂಗೀತ ಬೇರೆ ಪ್ರಕಾರಗಳೊಡನೆ ಬೆರೆತಾಗ ಅದರಲ್ಲಿ ಏನು ಉಳಿಯುತ್ತದೆ, ಏನು ಕರಗಿಹೋಗುತ್ತದೆ ಎಂಬುದನ್ನು ಕಿವಿಯಿಂದಲೇ ತೀರ್ಮಾನಿಸಬೇಕೆಂದು ಜಾಝ್, ಫಂಕ್ (ಲಯದ ಒತ್ತೇ ಮುಖ್ಯವಾದ ಕುಣಿತದ ಸಂಗೀತ) ಮತ್ತು ಪಾಪ್ ಕಡೆಗೆ ವಾಲಿದ ಐದು ರಚನೆಗಳನ್ನು ಆರಿಸಿಕೊಂಡೆ. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ, ಮೃದಂಗ ಕಲಿಸುವ ನೆರೆಮನೆಯ ಮೇಷ್ಟ್ರನ್ನು ಜೊತೆಗೆ ಕೂರಿಸಿಕೊಂಡು ಅವನ್ನು ಮತ್ತೆ ಮತ್ತೆ ಕೇಳಿದೆ. ಮೇಷ್ಟ್ರಿಗೆ ಇಂಗ್ಲಿಷ್ ಹಾಡುಗಳ ಒಲವಿಲ್ಲ. ಆದರೆ ತಾಳದ ವಿಷಯದಲ್ಲಿ ಅವರ ಕೈ ಸುಳ್ಳು ಹೇಳುವುದಿಲ್ಲ.

ಹೋಲಿಕೆಗೆ ಎರಡು ಅಳತೆಗೋಲುಗಳನ್ನು ಇಟ್ಟುಕೊಂಡಿದ್ದೆವು. ಬ್ಲೂಸ್‌ನ ಸಾಮಾನ್ಯ ಚೌಕಟ್ಟಿನಲ್ಲಿ 12 ಬಾರ್‌ಗಳಿದ್ದು, ಒಂದೊಂದಕ್ಕೆ ನಾಲ್ಕು ಎಣಿಕೆಯಂತೆ ಒಟ್ಟು 48 ಎಣಿಕೆಗಳಾಗುತ್ತವೆ; ಎಂಟೆಣಿಕೆಯ ಆದಿತಾಳ ಹಾಕಿದರೆ ಸರಿಯಾಗಿ ಆರು ಆವರ್ತನ, ಅಂದರೆ ತಾಳದ ಆರು ಸುತ್ತು. ಷಡ್ಜದ ಮೇಲೆ ನಿಂತ ಸ್ವರಮೇಳದಿಂದ, ಅಂದರೆ ಗಿಟಾರಿನವರು ಕಾರ್ಡ್ ಎನ್ನುವುದರಿಂದ, ಹೊರಟ ಹಾಡು ಮೂರನೆಯ ಆವರ್ತನದಲ್ಲಿ ಮಧ್ಯಮದ ಮೇಳಕ್ಕೆ ಹೋಗಿ, ನಾಲ್ಕರಲ್ಲಿ ಷಡ್ಜಕ್ಕೆ ಮರಳಿ, ಐದರಲ್ಲಿ ಪಂಚಮದ ಮೇಳಕ್ಕೆ ಏರುತ್ತದೆ. ಕೇಳುಗನನ್ನು ಎಳೆಯುವ ತಿರುವು ಇದೇ, ಮತ್ತು ನಮ್ಮ ಮೊದಲ ಅಳತೆಗೋಲೂ ಇದೇ. ಎರಡನೆಯದು ಗಾಂಧಾರ. ಬ್ಲೂಸ್ ಹಾಡುಗಾರ ಕೆಳಗಿನ ಸಾಧಾರಣ ಗಾಂಧಾರಕ್ಕೂ ಅದರ ಮೇಲಿನ ಅಂತರ ಗಾಂಧಾರಕ್ಕೂ ನಡುವೆ ಜಾರುತ್ತಾನೆ. ಗಮಕಕ್ಕೆ ಒಗ್ಗಿದ ಕಿವಿಗೆ ಈ ಜಾರು ಹೊಸದಲ್ಲ. ಹಿನ್ನೆಲೆಯ ಸ್ವರಮೇಳ ಅಂತರ ಗಾಂಧಾರವನ್ನೇ ಹಿಡಿದು ನಿಂತಿರುವಾಗ ಕಂಠ ಅದರೊಡನೆ ರಾಜಿಯಾಗದೆ ಉಳಿಯುವುದು ಮಾತ್ರ ಹೊಸದು.

ಜಾಝ್ ಕಡೆಯಿಂದ ಮೊದಲು ತೆಗೆದುಕೊಂಡದ್ದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ ‘ಆಲ್ ಬ್ಲೂಸ್’. ಆದಿತಾಳ ಇಲ್ಲಿ ಹೊಂದಲಿಲ್ಲ. ಬಾರ್‌ಗೆ ಆರು ಎಣಿಕೆ ಇರುವುದರಿಂದ ಮೇಷ್ಟ್ರು ರೂಪಕಕ್ಕೆ ಬದಲಿಸಿದರು; ಆಗ ಬಾರ್‌ಗೊಂದು ಆವರ್ತನದಂತೆ ಹನ್ನೆರಡು ಸಲೀಸಾಗಿ ಕೂತವು. ಒಂಬತ್ತನೆಯದರಲ್ಲಿ ಪಂಚಮದ ಮೇಳ ಬಂದು, ಹತ್ತನೆಯದರಲ್ಲಿ ಅರ್ಧ ಸ್ಥಾನ ಮೇಲಕ್ಕೆ, ಶುದ್ಧ ಧೈವತಕ್ಕೆ, ಏರಿ ಮತ್ತೆ ಇಳಿಯುತ್ತದೆ. ಹನ್ನೊಂದೂವರೆ ನಿಮಿಷದ ಈ ಮುದ್ರಣದಲ್ಲಿ ಡೇವಿಸ್, ಕ್ಯಾನನ್‌ಬಾಲ್ ಆಡರ್ಲಿ, ಜಾನ್ ಕೋಲ್ಟ್ರೇನ್ ಮತ್ತು ಬಿಲ್ ಎವನ್ಸ್ ಒಬ್ಬರ ಬೆನ್ನಿಗೊಬ್ಬರು ಅದೇ ತಿರುವನ್ನು ಹಾಯ್ದು ಹೋಗುತ್ತಾರೆ, ಒಬ್ಬರು ಹಾಯ್ದಂತೆ ಮತ್ತೊಬ್ಬರಲ್ಲ. ಸೂಕ್ಷ್ಮದಲ್ಲಿ ಐದೂ ರಚನೆಗಳ ಪೈಕಿ ಇದೇ ಮೇಲು. ಆದರೆ ಬ್ಲೂಸ್‌ನ ನೋವು ಇಲ್ಲಿ ದೂರದಿಂದ ನೋಡಿದ ನೋವು ಎಂದು ನನಗೆ ಪ್ರತಿ ಸಲವೂ ಅನ್ನಿಸಿದೆ. ಫೋನಿನ ಸ್ಪೀಕರಿನಲ್ಲಂತೂ ಪಾಲ್ ಚೇಂಬರ್ಸ್ ಅವರ ಬಾಸ್ ಪೂರ್ತಿ ಮಾಯವಾಗಿ, ರಚನೆಯ ತಳವೇ ಕಳಚಿದಂತಾಗುತ್ತದೆ.

ಹೆಚ್ಚು ಹೊತ್ತು ನಿಂತದ್ದು ಪಿಯಾನೊ ವಾದಕ ಹರ್ಬಿ ಹ್ಯಾಂಕಾಕ್ ಅವರ ‘ವಾಟರ್‌ಮೆಲನ್ ಮ್ಯಾನ್’ ಮುಂದೆ. ಒಂದೇ ರಚನೆಯನ್ನು ಅವರು 1962ರಲ್ಲಿ ಜಾಝ್ ಆಗಿಯೂ 1973ರಲ್ಲಿ ಫಂಕ್ ಆಗಿಯೂ ಮುದ್ರಿಸಿರುವುದರಿಂದ, ನಮ್ಮ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಶಿಕಾಗೊದಲ್ಲಿ ಬೆಳೆದ ಹ್ಯಾಂಕಾಕ್ ಅಲ್ಲಿನ ಬೀದಿಗಳಲ್ಲಿ ಗಾಡಿ ಉರುಳಿಸಿಕೊಂಡು ಬರುತ್ತಿದ್ದ ಕಲ್ಲಂಗಡಿ ಮಾರುವವನ ನೆನಪಿನಲ್ಲಿ ಇದನ್ನು ಕಟ್ಟಿದರು. ಇಲ್ಲಿರುವುದು 12 ಬಾರ್ ಅಲ್ಲ, 16. ಆದಿತಾಳದಲ್ಲಿ ಎಂಟು ಆವರ್ತನ. ಹೆಚ್ಚುವರಿ ಎರಡು ಆವರ್ತನಗಳನ್ನು ಹ್ಯಾಂಕಾಕ್ ಇಟ್ಟಿರುವುದು ತಿರುವಿನ ಜಾಗದಲ್ಲೇ. ಐದನೆಯ ಆವರ್ತನದಲ್ಲಿ ಪಂಚಮದಿಂದ ಮಧ್ಯಮಕ್ಕೆ ಇಳಿಯುವ ಮೇಳ ಷಡ್ಜಕ್ಕೆ ಹೋಗದೆ, ಆರರಲ್ಲಿ ಅದನ್ನೇ ಮಾಡಿ, ಏಳರಲ್ಲಿ ಇನ್ನೊಮ್ಮೆ ಮಾಡಿ, ಎಂಟಕ್ಕೆ ಮನೆ ಸೇರುತ್ತದೆ. ಮೊದಲ ಬಾರಿ ಕೇಳುವಾಗ ಆರನೆಯದರ ಕೊನೆಯಲ್ಲಿ ಮೇಷ್ಟ್ರ ಬೆರಳು ಗಾಳಿಯಲ್ಲೇ ನಿಂತಿತು, ಏಳರಲ್ಲೂ ಅದೇ ಬಂದಾಗ, “ಓಹೋ, ಮೂರು ಸಲ ಹೇಳ್ತಾನೆ ಕಣಯ್ಯ, ತೀರ್ಮಾನ ಕೊಡೋ ಹಾಗೆ!” ಎಂದು ನಕ್ಕರು. ಮೃದಂಗದ ತನಿ ಆವರ್ತನದಲ್ಲಿ ಒಂದೇ ಪದಗುಚ್ಛವನ್ನು ಮೂರು ಸಲ ನುಡಿಸಿ ಸಮಕ್ಕೆ, ಅಂದರೆ ಆವರ್ತನದ ಮೊದಲ ಎಣಿಕೆಗೆ, ತರುವವರಿಗೆ ಹೊಳೆಯುವ ಈ ಸಾಮ್ಯ, ಎಷ್ಟೋ ಸಲ ಕೇಳಿದ್ದ ನನಗೆ ಹೊಳೆದಿರಲಿಲ್ಲ.

1973ರ ಆವೃತ್ತಿಯಲ್ಲಿ ನಡೆ ನಿಧಾನವಾಗಿದೆ, ಪಿಯಾನೊ ಹೋಗಿ ವಿದ್ಯುತ್ ಕೀಬೋರ್ಡುಗಳು ಬಂದಿವೆ. ಆರಂಭದಲ್ಲಿ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿಯ ಬಾಯಿಗೆ ಊದುತ್ತಾ, ನಡುನಡುವೆ ಕಂಠ ಸೇರಿಸುತ್ತಾ, ಮಧ್ಯ ಆಫ್ರಿಕಾದ ಕಾಡುಜನರ ಒಂದೇ ಸ್ವರದ ಪೀಪಿಯ ವಾದನವನ್ನು ಅನುಕರಿಸುತ್ತಾರೆ. ಆಮೇಲೆ ಪಾಲ್ ಜಾಕ್ಸನ್ ಅವರ ಬಾಸ್, ಹಾರ್ವಿ ಮೇಸನ್ ಅವರ ಡ್ರಮ್ ಒಂದರ ಮೇಲೊಂದು ಪದರವಾಗಿ ಸೇರುತ್ತವೆ. ಈ ಆರಂಭ ಕೇಳಲು ಬಹಳ ಸೊಗಸು, ಅನುಮಾನವಿಲ್ಲ. ಆದರೆ ಮೂಲದಲ್ಲಿ ಫ್ರೆಡ್ಡಿ ಹಬರ್ಡ್ ಅವರ ಟ್ರಂಪೆಟ್ಟೂ ಡೆಕ್ಸ್ಟರ್ ಗಾರ್ಡನ್ ಅವರ ಸ್ಯಾಕ್ಸಫೋನೂ ಆ ಮೂರು ಏರಿಳಿತಗಳನ್ನು ತಳ್ಳುವ ಹುರುಪು ಇಲ್ಲಿ ಕಡಿಮೆಯಾಗಿ, ತಿರುವಿಗಿಂತ ನಡಿಗೆಯೇ ಮುಖ್ಯವಾಗಿದೆ. ನನ್ನ ಮತ 1962ಕ್ಕೆ.

ಚೌಕಟ್ಟು ಒಡೆಯದೆ ಫಂಕ್ ಆದದ್ದು ಜೇಮ್ಸ್ ಬ್ರೌನ್ ಅವರ 1965ರ ‘ಪಾಪಾಸ್ ಗಾಟ್ ಎ ಬ್ರಾಂಡ್ ನ್ಯೂ ಬ್ಯಾಗ್’. ಅಂದಿನ ಅಮೆರಿಕದ ಜನಪ್ರಿಯ ಹಾಡುಗಳಲ್ಲಿ ಒತ್ತು ಎರಡು ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಬೀಳುವುದು ರೂಢಿಯಾಗಿತ್ತು. ಬ್ರೌನ್ ಅದನ್ನು ಮೊದಲ ಎಣಿಕೆಗೆ, ನಮ್ಮ ಮಾತಿನಲ್ಲಿ ಸಮಕ್ಕೆ, ತಂದರು. ಗಿಟಾರು ಇಲ್ಲಿ ರಾಗ ನುಡಿಸುವುದಿಲ್ಲ, ತಂತಿ ಕೆರೆದು ಲಯವಾದ್ಯದ ಕೆಲಸ ಮಾಡುತ್ತದೆ. ದೀರ್ಘವಾಗಿ ಮುದ್ರಿಸಿದ್ದನ್ನು ವೇಗ ಹೆಚ್ಚಿಸಿ ಎರಡು ಭಾಗಗಳಾಗಿ ಬಿಡುಗಡೆ ಮಾಡಿದ್ದರಿಂದ ಅದಕ್ಕೊಂದು ಅವಸರದ ಬಿಗಿ ಬಂದಿದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ, 2023ರಲ್ಲಿ ಪದ್ಮಶ್ರೀ ಪಡೆದ ಮುನಿವೆಂಕಟಪ್ಪನವರ ತಮಟೆಯನ್ನು ಕೇಳಿದ ನಮ್ಮ ಜಿಲ್ಲೆಯವರಿಗೆ ಇಂಥ ಒತ್ತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರು ಆವರ್ತನ ಕೈಗೆ ಸ್ಪಷ್ಟವಾಗಿ ಸಿಗುತ್ತದೆ. ಗಾಂಧಾರದ ಜಾರಿಗೆ ಮಾತ್ರ ಪುರುಸೊತ್ತಿಲ್ಲ.

ಆ ಜಾರು ಬೇಕಿದ್ದರೆ ಬಿ.ಬಿ. ಕಿಂಗ್ ಅವರ ‘ದ ಥ್ರಿಲ್ ಈಸ್ ಗಾನ್’ ಕೇಳಬೇಕು. ರಾಯ್ ಹಾಕಿನ್ಸ್ 1951ರಲ್ಲಿ ಹಾಡಿದ್ದನ್ನು ಕಿಂಗ್ 1969ರಲ್ಲಿ ಪಾಪ್ ಹಾಡುಗಳಿಗೆ ಸಲ್ಲುವ ಪಿಟೀಲು ಮೇಳದೊಂದಿಗೆ ಮುದ್ರಿಸಿದರು. ಮೈನರ್ ಶ್ರೇಣಿಯಾದ್ದರಿಂದ ಹಿನ್ನೆಲೆಯ ಮೇಳವೇ ಸಾಧಾರಣ ಗಾಂಧಾರದಲ್ಲಿದೆ. ಆದ್ದರಿಂದ ಜಗಳ ಗಾಂಧಾರದಲ್ಲಿಲ್ಲ, ಗಿಟಾರಿನ ಎಳೆದ ತಂತಿ ತಲುಪಬೇಕಾದ ಸ್ವರಕ್ಕೆ ಎಷ್ಟು ತಡವಾಗಿ ತಲುಪುತ್ತದೆ ಎಂಬುದರಲ್ಲಿದೆ. ಐದನೆಯ ಆವರ್ತನದಲ್ಲಿ ಶುದ್ಧ ಧೈವತದ ಮೇಳ ಮೊದಲು ಬಂದು, ಅರ್ಧ ದಾರಿಯಲ್ಲಿ ಪಂಚಮಕ್ಕೆ ಇಳಿಯುತ್ತದೆ. ಡೇವಿಸ್ ಮುಟ್ಟಿ ಬಂದ ಅದೇ ಸ್ಥಾನದಲ್ಲಿ ಕಿಂಗ್ ಕಾಲೂರಿ ನಿಲ್ಲುತ್ತಾರೆ. ಪಿಟೀಲುಗಳು ಇದನ್ನು ಸಿಹಿ ಮಾಡಿ ಕೆಡಿಸಿವೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ: ಅವು ಕೊನೆಗೆ ಬರುಬರುತ್ತಾ ದಟ್ಟವಾಗುವಾಗ ಗಿಟಾರಿನ ಒಂಟಿತನ ಇನ್ನೂ ಎದ್ದು ಕೇಳಿಸುತ್ತದೆ.

ಪ್ರಿನ್ಸ್ ಅವರ 1986ರ ‘ಕಿಸ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಲೂಸ್‌ನ ಮೂರು ಮೇಳಗಳೇ ಹಿಗ್ಗಿದ ಅಳತೆಯಲ್ಲಿ ಇಲ್ಲಿವೆ, ಬಾಸ್ ಗಿಟಾರನ್ನೇ ತೆಗೆದುಹಾಕಿದ್ದಾರೆ, ಕಂಠ ಮೇಲಿನ ಸ್ಥಾಯಿಯಲ್ಲಿ ಕಳ್ಳದನಿಯಲ್ಲೇ ಓಡಾಡುತ್ತದೆ. ಜಾಣತನದಲ್ಲಿ ಇದಕ್ಕೆ ಮೊದಲ ಸ್ಥಾನ, ಬ್ಲೂಸ್‌ನಲ್ಲಿ ಕೊನೆಯದು. ಬೆಂಗಳೂರು ಬಸ್ಸಿನ ಇಂಜಿನ್ ಸದ್ದಿನ ನಡುವೆ ಫೋನಿನಲ್ಲಿ ಕೇಳಿದರೂ ಏನೂ ನಷ್ಟವಾಗದ್ದು ಇದೊಂದೇ.

ಬ್ಲೂಸ್ ಕೇಳದವರಿಗೆ ಯಾವುದನ್ನು ಮೊದಲು ಕೊಡುವಿರಿ ಎಂದರೆ, ತಾಳ ಹಾಕಬಲ್ಲವರಿಗೆ 1962ರ ಹ್ಯಾಂಕಾಕ್, ಹಾಡನ್ನು ಕಂಠಕ್ಕಾಗಿ ಕೇಳುವವರಿಗೆ ಕಿಂಗ್ ಎನ್ನುತ್ತೇನೆ; ಡೇವಿಸ್ ಇವೆರಡೂ ಕಿವಿಗೆ ಕೂತ ಮೇಲೆ, ಒಳ್ಳೆಯ ಹೆಡ್‌ಫೋನಿನಲ್ಲಿ. ಮೇಷ್ಟ್ರು ಈ ಕ್ರಮಕ್ಕೆ ಸೊಪ್ಪು ಹಾಕುವುದಿಲ್ಲ. ಅವರ ಲೆಕ್ಕದಲ್ಲಿ ಜೇಮ್ಸ್ ಬ್ರೌನ್ ಒಬ್ಬರಿದ್ದರೆ ಸಾಕು, ಉಳಿದವರೆಲ್ಲ ಸಮ ಹುಡುಕಿಕೊಂಡು ಹೊರಟವರು.